ಮದ್ದಿನ ಮನೆಯ ಅಂಗಳದ ಹಕ್ಕಿಗಳು

ಉತ್ತರ ಕನ್ನಡ ಜಿಲ್ಲೆಯ ಗಣೇಶಗುಡಿಯ ಕಾಡಿನಲ್ಲಿ ‘ಓಲ್ಡ್ ಮ್ಯಾಗಜೀನ್ ಹೌಸ್’ ಎಂಬ ಹೆಸರಿನ ಒಂದು ವಸತಿಗೃಹವುಂಟು. ಮ್ಯಾಗಜೀನ್ ಎಂದೊಡನೆ ನಮ್ಮ ವಿದ್ಯಾರ್ಥಿನಿಯರಿಗೆ ಮಾಸಪತ್ರಿಕೆಯು ನೆನಪಾಗುವುದು ಸಹಜವೇ. ಇಲ್ಲಿಯಾದರೋ ಆ ಶಬ್ದಕ್ಕೆ ಸಿಡಿಮದ್ದಿನ ಕೋಠಿಯೆಂದು ಅರ್ಥ. ಕಾಳೀ ನದಿಗೆ ಸೂಪಾ ಎಂಬಲ್ಲಿ 101 ಮೀಟರ್ ಎತ್ತರದ ಅಣೆಕಟ್ಟನ್ನು ಕಟ್ಟುತ್ತಿದ್ದಾಗ, ಬಂಡೆಯೊಡೆಯುವ ಮದ್ದನ್ನು ಇಲ್ಲಿ ಕೂಡಿಡುತ್ತಿದ್ದರು. ಅದೇ ಸ್ಥಳವು ಈಗ ರಾಜ್ಯ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕೈಯಲ್ಲಿದ್ದು, ಹಕ್ಕಿ ನೋಡುವವರ ತಂಗುದಾಣವಾಗಿರುವದು.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಕಡೆಯ ಕುಟುಂಬಗಳು ಹುಬ್ಬಳ್ಳಿ, ಧಾರವಾಡ, ಹಳಿಯಾಳ, ದಾಂಡೇಲಿಗಳ ಮೇಲೆ ಅಲ್ಲಿಗೆ ಹೋಗಬಹುದು. ವರುಷಕ್ಕೆ 600 ಮಿಲಿಮೀಟರಿನೊಳಗೇ ಮಳೆ ಕಾಣುವ ಸೀಮೆಯ ಮಕ್ಕಳಿಗೆ, ಹಗಲಲ್ಲಿಯೂ ಬಿಸಿಲು ನೆಲ ಮುಟ್ಟದ ಕಾಡು ಬೇರೊಂದು ಲೋಕವಾಗಿಯೇ ತೋರುವದು. ಆದರೂ ನಾವು ಅದಕ್ಕೆ ತೀರ ಪರಕೀಯರಲ್ಲ. ಬಾದಾಮಿ ಸೀಮೆಯಲ್ಲಿ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ಹುಟ್ಟುವದು ಅದೇ ಸಹ್ಯಾದ್ರಿಯ ಕಣಕುಂಬಿಯಲ್ಲಿ.

ಈ ವಸತಿಗೃಹದ ವಿಶೇಷವೇನೆಂದರೆ, ಇಲ್ಲಿ ಹಕ್ಕಿಗಳನ್ನರಸಿ ಅಲೆಯಬೇಕಾಗಿಲ್ಲ. ಮರಗಳ ನೆರಳಿನಲ್ಲಿ ಸಣ್ಣ ನೀರಿನ ತೊಟ್ಟಿಗಳನ್ನಿಟ್ಟಿರುವರು. ಕುಡಿಯಲೂ ಮೀಯಲೂ ಹಕ್ಕಿಗಳೇ ಬರುವವು. ಕೊರಳಲ್ಲಿ ಕೆಂಡದ ಬಣ್ಣವುಳ್ಳ ಪಿಕಳಾರ, ಕಿತ್ತಳೆ ತಲೆಯ ಸಿಳ್ಳಾರ, ಇಂಪಾಗಿ ಹಾಡುವ ಶಾಮ, ಚಳಿಗಾಲ ಕಳೆಯಲು ಹಿಮಾಲಯದಿಂದ ಇಳಿದು ಬರುವ ಪುಟ್ಟ ನೀಲಿ ರಾಬಿನ್ ಮುಂತಾದವನ್ನು ಕೆಲವೇ ಮಾರು ದೂರದಿಂದ ಕಾಣಬಹುದು. ಇದಕ್ಕೆ ತೆರಬೇಕಾದ ಬೆಲೆ ಮೌನವೊಂದೇ. ಮಾಸಲು ಬಣ್ಣದ ಉಡುಪು ಲೇಸು. ಇಳಕಲ್ಲಿನ ಕೆಂಪು ಸೆರಗು ಮದುವೆಮನೆಗೆ ಒಪ್ಪುವಂತೆ ಇಲ್ಲಿಗೆ ಒಪ್ಪದು! ಹತ್ತು ನಿಮಿಷ ಸುಮ್ಮನಿರಲಾರದ ಮಗುವೂ ನೀಲಿ ಹಕ್ಕಿಯೊಂದು ರೆಕ್ಕೆ ಬಡಿದು ನೀರೆರಚಿಕೊಳ್ಳುವದನ್ನು ಒಮ್ಮೆ ಕಂಡಿತೆಂದರೆ, ಬಳಿಕ ತಾನೇ ಉಸಿರು ಬಿಗಿಹಿಡಿದು ಕೂಡುವದು.

ಆದರೆ ಆ ಕಾಡಿನಲ್ಲಿ ಮುಖ್ಯವಾಗಿ ಅಭ್ಯಾಸ ಮಾಡತಕ್ಕ ಪಕ್ಷಿಯು ಮಂಗಟ್ಟೆ. ಇದರ ನಾಲ್ಕು ಜಾತಿಗಳು ದಾಂಡೇಲಿಯ ಸುತ್ತಿನಲ್ಲಿವೆ. ಅವುಗಳಲ್ಲಿ ಹಿರಿದಾದ ದೊಡ್ಡ ಮಂಗಟ್ಟೆಯ ಸಂಸಾರವು ವಿಚಿತ್ರವಾದದ್ದು. ಹೆಣ್ಣು ಹೆಮ್ಮರದ ಪೊಟರೆಯನ್ನು ಹೊಕ್ಕು, ತನ್ನ ಹಿಕ್ಕೆ ಮೊದಲಾದವುಗಳಿಂದ ಬಾಯಿಗೆ ಗೋಡೆ ಕಟ್ಟಿ, ಕೊಕ್ಕು ಹೊರಚಾಚುವಷ್ಟೇ ಸೀಳನ್ನುಳಿಸುವದು. ಇದನ್ನು ಸೆರೆಯೆನ್ನಲಾಗದು, ಗೋಡೆಯನ್ನು ಕಟ್ಟಿದ್ದೂ ಅದೇ, ಕಾಲ ಬಂದಾಗ ಒಡೆಯುವದೂ ಅದೇ. ಒಳಗಿರುವಾಗ ಅದರ ಹಾರುಗರಿಗಳು ಉದುರಿ ಹೊಸವು ಮೂಡುವವು. ಆ ತಿಂಗಳುಗಳಲ್ಲಿ ಗಂಡು ಆಲ, ಬಸರಿ, ಅತ್ತಿಯ ಜಾತಿಯ ಹಣ್ಣುಗಳನ್ನು ನುಂಗಿ ತಂದು, ಒಂದೊಂದನ್ನೇ ಹೊರತೆಗೆದು ಆ ಸೀಳಿನಲ್ಲಿ ನೀಡುವದು. ಬೇಟೆಗಾರನೊಬ್ಬನು ಆ ಗಂಡನ್ನು ಹೊಡೆದನೆಂದರೆ ಗೋಡೆಯೊಳಗಿನ ತಾಯಿಮರಿಗಳ ಪ್ರಾಣಕ್ಕೂ ಸಂಚಕಾರವೇ ಸರಿ.

ಇನ್ನೊಂದು ಮಾತು. ಮಂಗಟ್ಟೆಯು ಮರಕುಟಿಕದಂತೆ ಮರವನ್ನು ಕೊರೆಯಲಾರದು. ಕೊಂಬೆ ಮುರಿದು, ಒಳಗು ಶಿಥಿಲವಾಗಿ, ಅನೇಕ ವರುಷಗಳಲ್ಲಿ ತಾನಾಗಿ ಉಂಟಾದ ಪೊಟರೆಯೇ ಅದಕ್ಕೆ ಬೇಕು. ನಾಟಾ ಎಣಿಸುವವನ ಕಣ್ಣಿಗೆ ಕೆಲಸಕ್ಕೆ ಬಾರದ ಮರವೇ ಅದರ ಮನೆ.

ಸೂಪಾ ಜಲಾಶಯದಲ್ಲಿ ಸೂಪಾ ಊರೂ ಹಳ್ಳಿಗಳೂ ಅಪಾರವಾದ ಕಾಡೂ ಮುಳುಗಿದವು. ಈ ದುಃಖವನ್ನು ಬಾಗಲಕೋಟೆಯವರಿಗೆ ಬೇರೆಯವರು ತಿಳಿಸಬೇಕಾಗಿಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ತಮ್ಮ ಓಣಿಗಳನ್ನು ಬಿಟ್ಟು ಬಂದವರು ನಮ್ಮ ವಾಚಕರಲ್ಲಿಯೇ ಇರುವರು. ಕಾಳಿಯ ನೀರಿನಿಂದಾದ ವಿದ್ಯುತ್ತು ನಾಡಿಗೆಲ್ಲ ಬೇಕಾದುದೇ, ಅದನ್ನು ಹಳಿಯುವದು ನಮಗೆ ಒಪ್ಪದು. ಆದರೆ ನಮಗೆ ನವನಗರವನ್ನು ಕಟ್ಟಿಕೊಟ್ಟಂತೆ ನೂರು ವರುಷದ ಪೊಟರೆಮರಗಳನ್ನು ಯಾವ ಇಲಾಖೆಯೂ ಕಟ್ಟಿಕೊಡಲಾರದು. ಆದುದರಿಂದಲೇ ಉಳಿದ ಕಾಡಿನ ಬೆಲೆ ಹೆಚ್ಚು. 2015ರಿಂದ ಕಾಳೀ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲ್ಪಡುವ ಅರಣ್ಯವು ಇದೇ ಭಾಗದ್ದು.

ತೊಟ್ಟಿಯ ಹಕ್ಕಿಗಳಿಗೆ ಚಳಿಗಾಲವೂ ಬೇಸಗೆಯೂ ತಕ್ಕ ಕಾಲ. ಬೇಸಗೆಯ ರಜೆಯಲ್ಲಿ ಹೋಗುವವರು ಮಂಗಟ್ಟೆಯ ಗೂಡಿನ ಮರದ ಕೆಳಗೆ ನಿಲ್ಲದೆ, ಮಾರ್ಗದರ್ಶಿ ತೋರಿಸಿದಷ್ಟು ದೂರದಿಂದಲೇ ನೋಡತಕ್ಕದ್ದು. ಜನರು ಹತ್ತಿರವಿರುವವರೆಗೆ ಗಂಡು ಗಂಟಲಲ್ಲಿ ಹಣ್ಣನ್ನಿಟ್ಟುಕೊಂಡು ಬೇರೆ ಮರದಲ್ಲಿ ಕಾಯುತ್ತಿರುವದು, ಒಳಗಿನವು ಹಸಿದಿರುವವು.