ಡಿಸ್ನಿಯ ಅನಾನಸ್ ಫ್ಲೋಟ್, ಕಾಮಾಕ್ಷಿಪಾಳ್ಯದ ಮಿಕ್ಸಿ

ಕಾಮಾಕ್ಷಿಪಾಳ್ಯದವರಿಗೆ ವಂಡರ್‌ಲಾ ದೂರವೇನಲ್ಲ. ನಾಯಂಡಹಳ್ಳಿ, ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ನೇರ ಹೋದರೆ ಬಿಡದಿಯ ಹತ್ತಿರ ಸಿಗುತ್ತದೆ. 2005ರಲ್ಲಿ ಶುರುವಾದ ಆ ಪಾರ್ಕಿನೊಳಗೆ ಮದ್ಯ ಒಯ್ಯುವಂತಿಲ್ಲ. ಹಾಗಾಗಿ ‘ಥೀಮ್ ಪಾರ್ಕಿನ ಕಾಕ್‌ಟೇಲ್’ ಎಂದರೆ ನಮ್ಮ ಹುಡುಗರು ರೀಲ್ಸ್‌ನಲ್ಲಿ ನೋಡಿ ಆಸೆಪಡುವುದು ಅಮೆರಿಕದ ಡಿಸ್ನಿ ಪಾರ್ಕುಗಳದ್ದನ್ನು: ಗ್ಲಾಸಿನ ಮುಕ್ಕಾಲು ಭಾಗ ಅನಾನಸ್ ರಸ, ಮೇಲೆ ಸುರುಳಿ ಸುರುಳಿಯಾಗಿ ಹಳದಿ ಐಸ್‌ಕ್ರೀಮ್, ಅದಕ್ಕೆ ಸಿಗಿಸಿದ ಕಾಗದದ ಕೊಡೆ. ಡೋಲ್ ವಿಪ್ ಫ್ಲೋಟ್ ಎಂದು ಅದರ ಹೆಸರು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ 1963ರಲ್ಲಿ ಟಿಕಿ ರೂಮ್ ಎಂಬ ಹಾಡುವ ಹಕ್ಕಿಗಳ ಪ್ರದರ್ಶನ ಆರಂಭವಾಯಿತು. 1976ರಿಂದ ಅದರ ಪ್ರಾಯೋಜಕತ್ವ ಅನಾನಸ್ ವ್ಯಾಪಾರದ ಡೋಲ್ ಕಂಪನಿಯದ್ದು. ಮುಂದೆ ಅಲ್ಲಿನ ಜ್ಯೂಸ್ ಅಂಗಡಿಯಲ್ಲಿ ಈ ಫ್ಲೋಟ್ ಹೆಸರು ಮಾಡಿತು. ಆ ಪಾರ್ಕಿನಲ್ಲೂ 2019ರವರೆಗೆ ಸಾಮಾನ್ಯ ಜನರಿಗೆ ಮದ್ಯ ಮಾರುತ್ತಿರಲಿಲ್ಲ. ಫ್ಲೋಟ್‌ಗೆ ರಮ್ ಬೆರೆಸಿ ಕೊಡುವ ಪದ್ಧತಿ ಫ್ಲಾರಿಡಾದ ಡಿಸ್ನಿ ಪಾರ್ಕಿನದ್ದು. ಆದ್ದರಿಂದ ಇದು ರಮ್ ಇದ್ದರೂ ಇಲ್ಲದಿದ್ದರೂ ನಡೆಯುವ ಪಾನೀಯ. ಮನೆಯಲ್ಲಿ ಒಂದೇ ಸಲ ಮಾಡಿ ಎಲ್ಲರಿಗೂ ಹಂಚಬಹುದು.

2020ರ ಲಾಕ್‌ಡೌನ್‌ನಲ್ಲಿ ಡಿಸ್ನಿಯವರೇ ಮನೆಯಲ್ಲಿ ಮಾಡುವ ವಿಧಾನ ಬಿಡುಗಡೆ ಮಾಡಿದರು: 2 ಕಪ್ ಫ್ರೀಜ್ ಮಾಡಿದ ಅನಾನಸ್, ಸುಮಾರು 120 ಮಿ.ಲೀ. ಅನಾನಸ್ ರಸ, ಒಂದು ದೊಡ್ಡ ಸ್ಕೂಪ್ ವೆನಿಲಾ ಐಸ್‌ಕ್ರೀಮ್. ಅಷ್ಟೇ. ಸುಲಭ ಹೌದು, ಆದರೆ ಇದರಲ್ಲಿ ಒಂದು ತೊಡಕಿದೆ. ಹಸಿ ಅನಾನಸ್‌ನಲ್ಲಿರುವ ಬ್ರೊಮಿಲೇನ್ ಎಂಬ ಕಿಣ್ವ ಹಾಲಿನ ಪ್ರೋಟೀನನ್ನು ಒಡೆಯುತ್ತದೆ. ಮಾಡಿದ ಕೂಡಲೇ ಕುಡಿದರೆ ತೊಂದರೆಯಿಲ್ಲ. ಅರ್ಧ ಗಂಟೆ ಬಿಟ್ಟರೆ ಕಹಿ ಏಳುತ್ತದೆ. ಫ್ರೀಜರ್‌ನ ಚಳಿಗೆ ಈ ಕಿಣ್ವ ಜಗ್ಗುವುದಿಲ್ಲ, ಬಿಸಿಗೆ ಸಾಯುತ್ತದೆ. ಅನಾನಸ್ ಗೊಜ್ಜು ಮಾಡುವವರು ಹಣ್ಣನ್ನು ಮೊದಲು ಬೇಯಿಸಿಕೊಳ್ಳುವಂತೆ ಇಲ್ಲೂ ಬೇಯಿಸಿಬಿಡಿ. ಐಸ್‌ಕ್ರೀಮ್ ಬದಲು ತೆಂಗಿನಹಾಲು ಹಾಕಿ. ಪಾರ್ಕಿನ ಸುರುಳಿಯಲ್ಲೂ ಹಾಲಿಲ್ಲ, ಕೊಬ್ಬರಿ ಎಣ್ಣೆ ಇದೆ. ತೆಂಗಿನಹಾಲೇ ಮೂಲ ರುಚಿಗೆ ಹತ್ತಿರ.

ಬೇಕಾಗುವುದು (ನಾಲ್ಕು ಗ್ಲಾಸಿಗೆ)

ಒಂದೂವರೆ ಕೆ.ಜಿ. ತೂಗುವ ಅನಾನಸ್ ಒಂದು, ಬಲಿತ ತೆಂಗಿನಕಾಯಿ ಒಂದು, ಜೋನಿ ಬೆಲ್ಲ 4 ಚಮಚ, ನಿಂಬೆಹಣ್ಣು ಒಂದು, ಹಸಿ ಶುಂಠಿ ಅರ್ಧ ಇಂಚು, ಲವಂಗ ಎರಡು, ಎಳನೀರು ಒಂದು, ಚಿಟಿಕೆ ಉಪ್ಪು, ಪುನರ್ಪುಳಿ ಸಿರಪ್ 4 ಚಮಚ.

ಜೋನಿ ಬೆಲ್ಲ, ಪುನರ್ಪುಳಿ ಸಿರಪ್ ಎರಡೂ ವಿಜಯನಗರ, ಬಸವೇಶ್ವರನಗರದ ಕಡೆ ಮಲೆನಾಡು, ಮಂಗಳೂರು ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಜೋನಿ ಬೆಲ್ಲ ಸಿಗದಿದ್ದರೆ ಕಪ್ಪಗಿರುವ ಉಂಡೆ ಬೆಲ್ಲ ಕರಗಿಸಿ ಸೋಸಿಕೊಳ್ಳಿ. ಸಕ್ಕರೆ ಬೇಡ. ಪಾರ್ಕಿನ ಕಾಕ್‌ಟೇಲ್‌ನಲ್ಲಿ ರಮ್‌ನಿಂದ ಬರುವ ಗಾಢವಾದ ರುಚಿ ಕಬ್ಬಿನ ಕಾಕಂಬಿಯದ್ದು. ರಮ್ ಹಾಕದವರ ಗ್ಲಾಸಿಗೆ ಆ ರುಚಿಯನ್ನು ತರುವುದು ಈ ಬೆಲ್ಲವೇ.

ಹಣ್ಣು ಆರಿಸುವಾಗ ಎಲೆ ಕಿತ್ತು ನೋಡುವುದು ಬಿಡಿ, ಅದರಿಂದ ಏನೂ ಗೊತ್ತಾಗುವುದಿಲ್ಲ. ಬುಡವನ್ನು ಮೂಗಿನ ಹತ್ತಿರ ಹಿಡಿಯಿರಿ. ಸಿಹಿ ವಾಸನೆ ಬಂದರೆ ತೆಗೆದುಕೊಳ್ಳಿ, ಹುಳಿ ಹೆಂಡದ ವಾಸನೆ ಬಂದರೆ ವಾಪಸಿಡಿ. ಒಂದೇ ಗಾತ್ರದ ಎರಡರಲ್ಲಿ ಭಾರವಾದದ್ದು ಒಳ್ಳೆಯದು. ಕಿತ್ತ ಮೇಲೆ ಅನಾನಸ್ ಮೆತ್ತಗಾಗುತ್ತದೆಯೇ ಹೊರತು ಸಿಹಿಯಾಗುವುದಿಲ್ಲ, ಹಾಗಾಗಿ ‘ಎರಡು ದಿನ ಇಡಿ ಸಾರ್, ಸರಿಹೋಗುತ್ತೆ’ ಎಂಬ ಗಾಡಿಯವರ ಮಾತನ್ನು ನಂಬಬೇಡಿ. ಬನವಾಸಿ, ಶಿರಸಿ ಕಡೆಯ ದೊಡ್ಡ ಕ್ಯೂ ತಳಿ ಸಿಕ್ಕರೆ ರಸ ಹೆಚ್ಚು. ಆ ತಳಿಯ ಸಿಪ್ಪೆ ಅರೆ ಹಸಿರಾಗಿದ್ದರೂ ಒಳಗೆ ಹಣ್ಣಾಗಿರಬಹುದು.

ಹಿಂದಿನ ರಾತ್ರಿ

ಅನಾನಸ್ ಹೋಳು ಮಾಡಿ, ನಡುವಿನ ದಿಂಡು ತೆಗೆದು, 3 ಚಮಚ ಜೋನಿ ಬೆಲ್ಲ, ಲವಂಗ, ಜಜ್ಜಿದ ಶುಂಠಿಯೊಂದಿಗೆ ಸ್ಟೀಲ್ ಪಾತ್ರೆಯಲ್ಲಿಡಿ. ನೀರು ಬೇಡ. ಮುಚ್ಚಿ ಸಣ್ಣ ಉರಿಯಲ್ಲಿಟ್ಟರೆ ಎರಡೇ ನಿಮಿಷಕ್ಕೆ ಹಣ್ಣು ತಾನೇ ರಸ ಬಿಡುತ್ತದೆ. ಕುದಿ ಬಂದ ಮೇಲೆ ಐದಾರು ನಿಮಿಷ ಸಾಕು, ಹೋಳು ಕರಗಿ ಜ್ಯಾಮ್ ಆಗಬಾರದು. ಆರಿದ ಮೇಲೆ ಜಾಲರಿಯಲ್ಲಿ ಸೋಸಿ. ಕೆಳಗಿಳಿದ ರಸ ಫ್ಲೋಟ್‌ನ ತಳಕ್ಕೆ, ಮೇಲುಳಿದ ಹೋಳು ಸುರುಳಿಗೆ. ಲವಂಗ, ಶುಂಠಿ ಆರಿಸಿ ತೆಗೆದು, ಹೋಳುಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಫ್ರೀಜರ್‌ಗೆ ಇಡಿ. ಡಬ್ಬಿಗೆ ಒಟ್ಟಿಗೆ ಸುರಿದಿಟ್ಟರೆ ಬೆಳಿಗ್ಗೆ ಕಲ್ಲುಗುಂಡು ಸಿಗುತ್ತದೆ, ಮಿಕ್ಸಿಯ ಬ್ಲೇಡಿಗೆ ಅದು ಒಳ್ಳೆಯದಲ್ಲ.

ತೆಂಗಿನ ತುರಿಗೆ ಅರ್ಧ ಕಪ್ ಉಗುರುಬೆಚ್ಚಗಿನ ನೀರು ಹಾಕಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ. ಮೊದಲ ಹಾಲು ಮಾತ್ರ ಬೇಕು. ಎರಡನೆಯ ನೀರು ಹಾಲು ಮರುದಿನದ ಸಾರಿಗಾಗಲಿ. ಮೊದಲ ಹಾಲನ್ನು ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಮೇಲೆ ಬೆಣ್ಣೆಯಂಥ ಕೆನೆ ಕಟ್ಟಿ, ಕೆಳಗೆ ತೆಳು ನೀರು ನಿಲ್ಲುತ್ತದೆ. ಆ ಕೆನೆಯನ್ನು ಚಮಚದಲ್ಲಿ ಎತ್ತಿಕೊಳ್ಳಿ. ತೆಂಗಿನಹಾಲು ಬೇಗ ಕೆಡುತ್ತದೆ, ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ.

ಮರುದಿನ

ಮೊದಲು ಐಸ್. ಕುಡಿಯುವ ನೀರಿನಲ್ಲಿ ಮನೆಯಲ್ಲೇ ಕಟ್ಟಿದ್ದಾಗಲಿ. ಮೀನಿನ ಪೆಟ್ಟಿಗೆಗೆ ಹಾಕುವ ಐಸ್‌ಗಡ್ಡೆ ಖಂಡಿತ ಬೇಡ. ದಪ್ಪ ಟವೆಲಿನಲ್ಲಿ ಸುತ್ತಿ ಲಟ್ಟಣಿಗೆಯಿಂದ ಬಡಿದು ಪುಡಿ ಮಾಡಿ. ಹಗಲೆಲ್ಲ ಲೇತ್ ಮಷಿನ್ ಸದ್ದು ಕೇಳುವ ಕಾಮಾಕ್ಷಿಪಾಳ್ಯದ ಓಣಿಯಲ್ಲಿ ಇದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ.

ಸೋಸಿಟ್ಟ ರಸಕ್ಕೆ ಅದರ ಅರ್ಧದಷ್ಟು ಎಳನೀರು, ನಿಂಬೆರಸ, ಉಪ್ಪು ಬೆರೆಸಿ ತಣ್ಣಗಿಡಿ. ಉಪ್ಪು ಮರೆಯಬೇಡಿ, ಅದಿಲ್ಲದಿದ್ದರೆ ಬರೀ ಸಿಹಿ ಹೊಡೆಯುತ್ತದೆ. ನಿಂಬೆಯನ್ನು ಕೆನೆಗೆ ನೇರವಾಗಿ ಹಿಂಡಿದರೆ ಕೆನೆ ಒಡೆಯಬಹುದು.

ಕೊನೆಗೆ ಸುರುಳಿ. ಫ್ರೀಜರ್‌ನ ಹೋಳುಗಳನ್ನು ಐದು ನಿಮಿಷ ಹೊರಗಿಟ್ಟು, ಮಿಕ್ಸಿಯ ದೊಡ್ಡ ಜಾರಿಗೆ ಅರ್ಧ ಮಾತ್ರ ತುಂಬಿ. ತೆಂಗಿನ ಕೆನೆ, ಉಳಿದ ಒಂದು ಚಮಚ ಬೆಲ್ಲ ಹಾಕಿ. ಗುಂಡಿಯನ್ನು ಎಡಕ್ಕೆ ತಿರುಗಿಸಿ, ಬಿಟ್ಟು ಬಿಟ್ಟು ಓಡಿಸಿ, ನಡುವೆ ಸೌಟಿನಿಂದ ಕೆಳಗೆ ತಳ್ಳಿ. ಒಂದೇ ಸಮನೆ ಓಡಿಸಿದರೆ ಜಾರ್ ಬಿಸಿಯಾಗಿ ಎಲ್ಲ ನೀರಾಗುತ್ತದೆ. ಇಡ್ಲಿ ಹಿಟ್ಟಿನಂತೆ ಸೌಟಿನಿಂದ ನಿಧಾನವಾಗಿ ಜಾರುವ ಹದ ಬಂದಾಗ ನಿಲ್ಲಿಸಿ, ಹತ್ತು ನಿಮಿಷ ಮತ್ತೆ ಫ್ರೀಜರ್‌ಗೆ ಇಡಿ. ಮೂಲೆ ಕತ್ತರಿಸಿದ ಪ್ಲಾಸ್ಟಿಕ್ ಚೀಲದಿಂದ ಒತ್ತಿದರೆ ಸುರುಳಿ ಬರುತ್ತದೆ. ಪಾರ್ಕಿನ ಯಂತ್ರದಷ್ಟು ಎತ್ತರ ನಿಲ್ಲದು. ಅಷ್ಟಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಗ್ಲಾಸಿನ ತಳಕ್ಕೆ ಒಂದು ಚಮಚ ಪುನರ್ಪುಳಿ ಸಿರಪ್, ಅದರ ಮೇಲೆ ಪುಡಿ ಐಸ್, ಆಮೇಲೆ ರಸವನ್ನು ಅಂಚಿನಿಂದ ನಿಧಾನವಾಗಿ ಸುರಿಯಿರಿ. ಭಾರವಾದ ಸಿರಪ್ ಕೆಳಗೇ ನಿಂತು, ಕೆಂಪು ಎಳೆಗಳು ಐಸ್ ನಡುವೆ ಮೇಲೇರುತ್ತವೆ. ಅಮೆರಿಕದ ಬಾರ್‌ಗಳಲ್ಲಿ ದಾಳಿಂಬೆಯ ಗ್ರೆನಡಿನ್ ಸಿರಪ್ ಮಾಡುವ ಕೆಲಸ ಇದು. ತೆಂಗಿನಹಾಲಿಗೂ ಪುನರ್ಪುಳಿಗೂ ಕರಾವಳಿಯಲ್ಲಿ ಹಳೆಯ ನಂಟಿರುವುದರಿಂದ ನನಗೆ ಗ್ರೆನಡಿನ್‌ಗಿಂತ ಇದೇ ಮೇಲೆನಿಸುತ್ತದೆ. ಮೇಲೆ ಸುರುಳಿ ಕೂರಿಸಿ. ಕಲಕಲು ಕಬ್ಬಿನ ಹಾಲಿನ ಗಾಡಿಯಲ್ಲಿ ಗೇಣುದ್ದದ ತುಂಡು ಕೇಳಿ ತಂದು ಸೀಳಿಕೊಂಡರೆ ಕಾಗದದ ಕೊಡೆಯ ಅಗತ್ಯವಿಲ್ಲ. ಸ್ಟೀಲ್ ಲೋಟವೂ ನಡೆಯುತ್ತದೆ. ತಾಮ್ರ, ಹಿತ್ತಾಳೆಯ ಚೊಂಬು ಮಾತ್ರ ಬೇಡ, ಹುಳಿಗೆ ಲೋಹ ಬಿಡುತ್ತದೆ.

ರಮ್ ಬೇಕೆನ್ನುವವರು

ಕರ್ನಾಟಕದಲ್ಲಿ ಇದಕ್ಕೆ 21 ತುಂಬಿರಬೇಕು. ವಂಡರ್‌ಲಾ ದಾರಿಯಲ್ಲೇ, ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರೀಸ್‌ನ ಟೂ ಇಂಡೀಸ್ ರಮ್ ಇಲ್ಲಿನ ಬೆಲ್ಲದ ರಮ್ಮಿಗೆ ಕೆರೀಬಿಯನ್ ರಮ್ ಬೆರೆಸಿ ಮಾಡಿದ್ದು, ಈ ಗ್ಲಾಸಿಗೆ ಚೆನ್ನಾಗಿ ಹೊಂದುತ್ತದೆ. ಗ್ಲಾಸಿಗೆ 45 ಮಿ.ಲೀ. ಸಾಕು, ಅಳತೆ ಕಪ್ ಬಳಸಿ. ಸಿಹಿ ಮತ್ತು ತಂಪಿನಡಿ ಅದರ ಖಾರ ನಾಲಿಗೆಗೆ ಗೊತ್ತಾಗದೆ, ಎರಡನೆಯ ಗ್ಲಾಸು ಬೇಗ ಮುಗಿದಿರುತ್ತದೆ. ರಮ್ಮನ್ನು ಸುರುಳಿಗೆ ಬೆರೆಸಬೇಡಿ, ಆಲ್ಕೋಹಾಲ್ ಇದ್ದರೆ ಅದು ಗಟ್ಟಿಯಾಗುವುದಿಲ್ಲ. ರಸ ಸುರಿದ ಮೇಲೆ ಹಾಕಿ, ನಂತರ ಸುರುಳಿ. ಮಕ್ಕಳ ಲೋಟಗಳನ್ನು ಮೊದಲೇ ತುಂಬಿ ಕೊಟ್ಟು ಕಳಿಸಿದ ಮೇಲೆಯೇ ಬಾಟಲಿ ತೆಗೆಯಿರಿ.