ಒಬ್ಬಳಿಗೆಂದು ಇಟ್ಟ ಕಣ್ಣು

ವೇಮಗಲ್‌ನ ನಮ್ಮ ಮನೆಯ ಕಂಪ್ಯೂಟರ್ ಕೊಂಡದ್ದು ಕೊರೊನಾ ಕಾಲದಲ್ಲಿ, ಮಗಳ ಆನ್‌ಲೈನ್ ತರಗತಿಗೆಂದು. ಶಾಲೆ ತೆರೆದ ಮೇಲೂ ಅದು ನಡುಮನೆಯಲ್ಲೇ ಉಳಿಯಿತು. ಮಾವನವರ ಪಹಣಿ, ಭಾವನವರ ರೇಷ್ಮೆಗೂಡಿನ ಲೆಕ್ಕ, ನಾನು ಬರೆಯುವ ಹಾಲಿನ ಸಂಘದ ಲೆಕ್ಕ ಎಲ್ಲವೂ ಅದರೊಳಗೆ ಸೇರಿದವು. ಬೀದಿಯವರೂ ಬರತೊಡಗಿದರು. ನರಸಾಪುರದ ಕಾರ್ಖಾನೆಗಳಿಗೆ ಅರ್ಜಿ ಹಾಕುವ ಹುಡುಗಿಯರಿಗೆ ಬಯೋಡಾಟಾ ಬೇಕು, ಅಜ್ಜಿಯರಿಗೆ ಪಿಂಚಣಿಯ ಕಾಗದ ಬೇಕು. ಬಂದವರನ್ನು ಇಲ್ಲ ಎಂದು ಕಳಿಸುವ ಮನೆ ನಮ್ಮದಲ್ಲ. ಎಲ್ಲರಿಗೂ ಒಂದೇ ಲಾಗಿನ್, ಅದಕ್ಕೆ ಪಾಸ್‌ವರ್ಡೂ ಇರಲಿಲ್ಲ.

ಡಿಸ್ಕ್ ತುಂಬಿದೆ ಎಂಬ ಸೂಚನೆ ಮತ್ತೆ ಮತ್ತೆ ಬರತೊಡಗಿದಾಗ ಯಾವುದು ಅಷ್ಟು ಜಾಗ ತಿಂದಿದೆ ಎಂದು ಹುಡುಕಿದೆ. ಕಣ್ಣಿಗೆ ಬೀಳದಂತೆ ಮರೆಮಾಡಿದ್ದ ಒಂದು ಫೋಲ್ಡರ್ ಸಿಕ್ಕಿತು. ಅದರ ತುಂಬ ನಮ್ಮದೇ ಪರದೆಯ ಚಿತ್ರಗಳು, ಪ್ರತಿಯೊಂದಕ್ಕೂ ತಾರೀಖು, ಗಂಟೆ, ನಿಮಿಷದ ಹೆಸರು. ಪಕ್ಕದಲ್ಲಿ ಒಂದು ಉದ್ದನೆಯ ಪಠ್ಯ ಕಡತ: ಕೀಲಿಮಣೆಯಲ್ಲಿ ಯಾರು ಯಾವ ಪುಟದಲ್ಲಿ ಏನು ಒತ್ತಿದರೋ ಅದೆಲ್ಲ ಸಾಲುಸಾಲಾಗಿ. ಬ್ಯಾಂಕಿನ ಪುಟದಲ್ಲಿ ಪಾಸ್‌ವರ್ಡ್ ಬರೆದಾಗ ಪರದೆಯ ಮೇಲೆ ಚುಕ್ಕಿಗಳಷ್ಟೇ ಕಾಣುತ್ತವಲ್ಲ, ಆ ಮರೆ ಪಕ್ಕದಲ್ಲಿ ನಿಂತವರಿಗೆ ಮಾತ್ರ. ಈ ಬಗೆಯ ತಂತ್ರಾಂಶ ಅಕ್ಷರಗಳನ್ನು ಪರದೆಗೆ ಹೋಗುವ ಮುಂಚೆಯೇ, ಕೀಲಿ ಒತ್ತಿದ ಗಳಿಗೆಯಲ್ಲೇ ಹಿಡಿದುಕೊಳ್ಳುತ್ತದೆ. ನನ್ನ ಪಾಸ್‌ವರ್ಡ್ ಅಲ್ಲಿ ಬಿಡಿಬಿಡಿಯಾಗಿ ಬಿದ್ದಿತ್ತು.

ನಡುನಡುವೆ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ದೊಡ್ಡ ರಾಶಿಗಳಿದ್ದವು. ಸ್ವಲ್ಪ ಹೊತ್ತು ನೋಡಿದ ಮೇಲೆ ಹೊಳೆಯಿತು, ಅದು ನುಡಿ ತಂತ್ರಾಂಶದಲ್ಲಿ ಬರೆದ ಕನ್ನಡ. ಕೆ.ಪಿ. ರಾವ್ ಅವರ ವಿನ್ಯಾಸದ ಕೀಲಿಮಣೆಯಲ್ಲಿ 'ಕ'ಗೆ ಕೆ, 'ಮ'ಗೆ ಎಂ. ಒತ್ತಿದ ಕೀಲಿಗಳಷ್ಟೇ ದಾಖಲಾಗಿದ್ದರೂ ಆ ವಿನ್ಯಾಸ ಬಲ್ಲವರು ನಿಧಾನಕ್ಕೆ ಕೂಡಿಸಿ ಓದಬಹುದು. ನನಗೆ ಆ ವಿನ್ಯಾಸ ಕೈವಶ. ಮೊದಲ ಸಾಲು ಕೂಡಿಬರುವಷ್ಟರಲ್ಲಿ ಅದು ಮಗಳು ತನಗಾಗಿ ಬರೆದುಕೊಳ್ಳುತ್ತಿದ್ದ ದಿನಚರಿ ಎಂದು ತಿಳಿಯಿತು. ಕಡತ ಮುಚ್ಚಿದೆ. ಹೆತ್ತವಳಾದರೂ ಅದನ್ನು ಓದುವ ಹಕ್ಕು ನನಗಿಲ್ಲ ಎಂದು ಆಗಲೂ ಅನ್ನಿಸಿತ್ತು, ಈಗಲೂ ಹಾಗೇ ನಂಬಿದ್ದೇನೆ.

ಆ ತಂತ್ರಾಂಶ ಹಾಕಿದವರು ಹೊರಗಿನವರಲ್ಲ, ನಮ್ಮ ಭಾವ. ಕೇಳಿದ ಕೂಡಲೇ ಒಪ್ಪಿಕೊಂಡರು, ಮುಚ್ಚಿಡುವಂಥದ್ದು ಏನೂ ಇಲ್ಲವೆಂಬ ಧೈರ್ಯದಿಂದಲೇ. "ವಯಸ್ಸಿಗೆ ಬಂದ ಹುಡುಗಿ, ಕಾಲ ಕೆಟ್ಟಿದೆ ಅಮ್ಮಣ್ಣಿ. ತಪ್ಪು ಮಾಡದೋಳಿಗೆ ಭಯ ಯಾಕೆ?" ಅವರು ಕೆಟ್ಟ ಮನುಷ್ಯರಲ್ಲ. ಮಗಳ ಕಾಲೇಜಿನ ಶುಲ್ಕದಲ್ಲಿ ಅವರ ಗೂಡಿನ ದುಡ್ಡೂ ಇದೆ. ಅದಕ್ಕೇ ಆ ಪ್ರಶ್ನೆಯನ್ನು ತಳ್ಳಿಹಾಕದೆ, ಎದುರು ಕೂತು ಉತ್ತರ ಕೊಡಬೇಕಾಯಿತು.

ಬಾಯಲ್ಲಿ ಹೇಳುವ ಬದಲು ಫೋಲ್ಡರ್ ತೆರೆದು ತೋರಿಸಿದೆ. ಮಗಳ ಪುಟಗಳು ಅಲ್ಲಿದ್ದವು ನಿಜ. ಅವುಗಳ ನಡುವೆ ನಮ್ಮತ್ತೆಯ ಸ್ಕ್ಯಾನಿಂಗ್ ವರದಿ, ಸಂಘದ ಖಾತೆಯ ಪುಟ, ಎದುರುಮನೆಯ ಅಜ್ಜಿಯ ಆಧಾರ್, ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿಯರ ಫೋಟೊ, ಮೊಬೈಲ್ ನಂಬರು, ಮನೆ ವಿಳಾಸ. ಭಾವನವರದೇ ಬ್ಯಾಂಕ್ ಲಾಗಿನ್ ಕೂಡ. ಒಬ್ಬಳ ಮೇಲೆ ಕಣ್ಣಿಡಲು ಗೋಡೆ ಕೊರೆದರೆ ಕಿಂಡಿಯಲ್ಲಿ ಇಡೀ ಮನೆ ಕಾಣುತ್ತದೆ, ಬೀದಿಗೂ ಕಾಣುತ್ತದೆ. ಬೀದಿ ಎಂದದ್ದಕ್ಕೆ ಕಾರಣವಿದೆ. ತಂತ್ರಾಂಶಕ್ಕೆ ದುಡ್ಡು ಕೊಡುವುದು ಬೇಡವೆಂದು ಅವರು ಯಾವುದೋ ತಾಣದಿಂದ ಕ್ರ್ಯಾಕ್ ಮಾಡಿದ ಪ್ರತಿ ಇಳಿಸಿದ್ದರು. ಹಾಕುವ ಮುಂಚೆ ಆ್ಯಂಟಿವೈರಸ್ ಆರಿಸಿ ಎಂದು ಅದರಲ್ಲೇ ಬರೆದಿತ್ತು, ಆರಿಸಿದ್ದರು. ನಾನು ವಿಂಡೋಸ್‌ನ ಡಿಫೆಂಡರ್ ಮತ್ತೆ ಚಾಲೂ ಮಾಡಿ ಪೂರ್ತಿ ತಪಾಸಣೆಗೆ ಬಿಟ್ಟಾಗ, ಅದೇ ಪ್ರತಿಯ ಜೊತೆ ಒಳಬಂದ ಇನ್ನೊಂದು ಟ್ರೋಜನ್ ಸಿಕ್ಕಿತು. ಮೊದಲನೆಯದು ಭಾವನವರಿಗೆ ಇಮೇಲ್ ಕಳಿಸುತ್ತಿತ್ತು. ಎರಡನೆಯದರ ಒಡೆಯರು ನಮ್ಮ ಮನೆಯವರಲ್ಲ.

ಭಾವ ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಅವರನ್ನು ಹಂಗಿಸಲಿಲ್ಲ.

ತಪ್ಪು ಮಾಡದವಳಿಗೆ ಭಯ ಯಾಕೆ ಎಂಬ ಪ್ರಶ್ನೆಗೆ ನಮ್ಮ ನಾಡಿನವರೇ ಒಬ್ಬರು ದೇಶದ ಅತಿ ದೊಡ್ಡ ನ್ಯಾಯಾಲಯದಿಂದ ಉತ್ತರ ತಂದಿದ್ದಾರೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ತೀರ್ಪು ಸರ್ಕಾರಕ್ಕೆ, ಮನೆಯೊಳಗಿನ ಮಾತು ಬೇರೆ ಎನ್ನುವವರಿದ್ದಾರೆ. ಆದರೆ ಹುಬ್ಬಳ್ಳಿಯ ಮಹಿಳೆಯೊಬ್ಬರು ಜೀವನಾಂಶಕ್ಕಾಗಿ ಗಂಡನ ಆಧಾರ್ ವಿಳಾಸ ಕೇಳಿದ ಪ್ರಕರಣದಲ್ಲಿ 2023ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ, ಮದುವೆಯಾದ ಮಾತ್ರಕ್ಕೆ ಒಬ್ಬರ ಖಾಸಗಿತನದ ಹಕ್ಕು ಅಳಿಯುವುದಿಲ್ಲ ಎಂದಿತು. ಆಕೆಯ ಕಷ್ಟ ನೆನೆದರೆ ಸಂಕಟವಾಗುತ್ತದೆ. ಆದರೂ ಆ ತತ್ವ ನನಗೆ ಸರಿ ಕಾಣುತ್ತದೆ: ಒಂದೇ ಸೂರಿನಡಿ ಇದ್ದರೂ ಒಬ್ಬೊಬ್ಬರೂ ಒಬ್ಬೊಬ್ಬರೇ.

ಕಂಪ್ಯೂಟರನ್ನು ತೊಳೆದ ಕೆಲಸ ಹೆಚ್ಚು ಹೇಳುವಂಥದ್ದಲ್ಲ. ಕಾಗದಪತ್ರಗಳನ್ನಷ್ಟೇ ಪ್ರತಿ ಮಾಡಿಕೊಂಡು ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದೆವು. ಪಾಸ್‌ವರ್ಡುಗಳನ್ನು ಬದಲಿಸಿದ್ದು ಬೇರೆ ಫೋನಿನಿಂದ. ಸೋಂಕಿರುವ ಯಂತ್ರದಲ್ಲೇ ಬದಲಿಸಿದರೆ ಹೊಸದೂ ಅದೇ ಕಡತಕ್ಕೆ ಹೋಗುತ್ತದೆ, ಈ ಒಂದು ಮಾತು ಹಲವರಿಗೆ ಹೊಳೆಯುವುದಿಲ್ಲ. ಇಮೇಲ್ ಬೇರೆಲ್ಲಿಗಾದರೂ ತಾನಾಗಿ ರವಾನೆಯಾಗುವಂತೆ ಯಾರಾದರೂ ಹೊಂದಿಸಿದ್ದಾರೆಯೇ ಎಂದೂ ನೋಡಿದೆವು. ಈಗ ಮನೆಯವರಿಗೆಲ್ಲ ಬೇರೆಬೇರೆ ಖಾತೆ, ಬೇರೆಬೇರೆ ಪಾಸ್‌ವರ್ಡ್, ಬೀದಿಯಿಂದ ಬಂದವರಿಗೆ ಬೇರೆಯದೇ ಒಂದು. ಯಾವ ಖಾತೆಗೂ ತಂತ್ರಾಂಶ ಹಾಕುವ ಅಧಿಕಾರವಿಲ್ಲ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು, ಅದು ನನ್ನ ಬಳಿಯೂ ಭಾವನವರ ಬಳಿಯೂ ಇದೆ. ಮಗಳಿಗೆ ಏನಾದರೂ ಮಿತಿ ಹಾಕುವುದಿದ್ದರೆ ಅವಳೆದುರೇ ಮಾತಾಡಿ ಹಾಕುವುದೆಂದು ಒಪ್ಪಿದ್ದೇವೆ. ಅವಳು ಕಂಪ್ಯೂಟರಿನಲ್ಲಿ ದಿನಚರಿ ಬರೆಯುವುದನ್ನು ಬಿಟ್ಟಿದ್ದಾಳೆ. ಅದು ನನ್ನನ್ನು ಕಾಡುತ್ತದೆ.

ನಿಜವಾಗಿ ಕಷ್ಟವಾದದ್ದು ಬೀದಿಯ ಮನೆಮನೆಗೆ ಹೋಗಿ ಹೇಳಿದ್ದು. ಯಜಮಾನರು ಬೇಡ ಎಂದರು, ಮನೆಯ ಮಾನ ಹೋಗುತ್ತದೆ ಎಂದರು. ನಮ್ಮನ್ನು ನಂಬಿ ಕೊಟ್ಟ ಕಾಗದ ಬೇರೆಯವರ ಕೈ ಸೇರಿರಬಹುದು ಎಂದ ಮೇಲೆ ಹೇಳದಿರುವುದು ಹೇಗೆ? ಎದುರುಮನೆಯ ಅಜ್ಜಿಗೆ ಆಧಾರ್‌ನ ಬಯೋಮೆಟ್ರಿಕ್ ಲಾಕ್ ಮಾಡಿಕೊಟ್ಟೆ. ಅದು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಪುಕ್ಕಟೆ ಆಗುವ ಕೆಲಸ, ಬೇಕಾದಾಗ ತೆರೆದುಕೊಳ್ಳಬಹುದು. ಇದು ಯಾಕೆ ಬೇಕೆಂದರೆ, 2023ರಲ್ಲಿ ಬೆಂಗಳೂರಿನಲ್ಲಿ ಜಮೀನು ನೋಂದಣಿ ಪತ್ರಗಳ ಬೆರಳಚ್ಚನ್ನೇ ನಕಲು ಮಾಡಿ ಜನರ ಖಾತೆಗಳಿಂದ ಹಣ ತೆಗೆದಿದ್ದರು. ನಮ್ಮ ಕಡೆ ಪತ್ರಗಳ ಪ್ರತಿ ಇಲ್ಲದ ಮನೆ ಯಾವುದಿದೆ?

ಹಾಗೆ ಹೇಳಿಬಂದ ಮೇಲೆ ಒಬ್ಬ ಹುಡುಗಿ ಸಂಜೆ ಒಬ್ಬಳೇ ಬಂದಳು. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. "ಅಕ್ಕಾ, ನಾನು ಯಾರಿಗೆ ಮೆಸೇಜ್ ಮಾಡಿದರೂ ಅವನಿಗೆ ಗೊತ್ತಾಗುತ್ತೆ" ಎಂದಳು. ನಿಶ್ಚಯವಾಗಿದ್ದ ಹುಡುಗ ಅವಳ ಫೋನ್ ಕೇಳಿ ಪಡೆದು ಏನೋ ಹಾಕಿ ಕೊಟ್ಟಿದ್ದ. ಆ ಕ್ಷಣವೇ ತೆಗೆದುಬಿಡೋಣ ಎಂದು ಅವಳ ಅವಸರ. ಇಲ್ಲಿ ನಮ್ಮ ಮನೆಯ ಪಾಠ ಹಾಗೇ ನಡೆಯುವುದಿಲ್ಲ. ತೆಗೆದ ಕೂಡಲೇ ಹಾಕಿದವನಿಗೆ ತಿಳಿಯುತ್ತದೆ, ಸಿಟ್ಟಾಗುವವನಾದರೆ ಅಪಾಯ ಹೆಣ್ಣಿಗೆ. ಸಾಕ್ಷಿಯೂ ಅಳಿಯುತ್ತದೆ. ಮೊದಲು ಬೇರೆಯವರ ಫೋನಿನಿಂದ, ಅವನು ಹಾಕಿದ್ದು ಕಾಣುವ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಬೇಕು. ಮನೆಯಲ್ಲಿ ನಂಬುವ ಒಬ್ಬರಿಗೆ ಹೇಳಬೇಕು. ಸಹಾಯ ಕೇಳುವ ಕರೆಯನ್ನೂ ಬೇರೆ ಫೋನಿನಿಂದಲೇ ಮಾಡಬೇಕು: ಮಹಿಳಾ ಸಹಾಯವಾಣಿ 181, ದುಡ್ಡು ಹೋಗಿದ್ದರೆ ಸೈಬರ್ ಸಹಾಯವಾಣಿ 1930. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ, ಗಂಡಸು ಹೆಣ್ಣಿನ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ ಹಿಂಬಾಲಿಸುವ ಅಪರಾಧವೇ. ಮೊದಲ ಸಲ ಸಾಬೀತಾದರೆ ಮೂರು ವರ್ಷದವರೆಗೆ ಜೈಲು. ಇದನ್ನು ಓದಿಸಿದಾಗ, "ಇದಕ್ಕೂ ಕಾನೂನು ಇದೆಯಾ?" ಎಂದು ಅವಳು ಎರಡೆರಡು ಸಲ ಕೇಳಿದಳು.

ಅವಳು ಅಮ್ಮನಿಗೆ ಹೇಳಿದಳು. ಫೋಟೊಗಳನ್ನು ಹಿಡಿದು ತಾಯಿ ಮಗಳು ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಕೋಲಾರದ ಸೆನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಟ್ಟು, ಆಮೇಲೆ ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಿಕೊಂಡರು. ನಿಶ್ಚಯ ಮುರಿಯಿತು. ಅವಳು ನರಸಾಪುರದ ಕೆಲಸ ಬಿಟ್ಟಿಲ್ಲ.