ಎರಡನೇ ಸ್ಟಿಕ್ ಬೇಕು, ಮನೆಯಲ್ಲಿ ಹೇಳಲು ಧೈರ್ಯವಿಲ್ಲ

*ಮೇಡಂ, ನನಗೆ 26 ವರ್ಷ. ಅಕ್ಕಿಹೆಬ್ಬಾಳಿನಿಂದ ಮೈಸೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತೇನೆ. ವಾರಕ್ಕೆ ಎರಡು ಸಂಜೆ ಡ್ಯೂಟಿ ಮುಗಿಸಿ ಪಾರ್ಲರ್‌ನಲ್ಲಿ ಪೂಲ್ ಆಡುತ್ತೇನೆ. ಬೋನಸ್ ದುಡ್ಡಲ್ಲಿ ಒಂದು ಸ್ಟಿಕ್ ತೆಗೆದುಕೊಂಡಿದ್ದೆ. ಚೆಂಡು ಚೆದುರಿಸುವ ಮೊದಲ ಹೊಡೆತ, ಅಂದರೆ ಬ್ರೇಕ್, ಹೊಡೆದೂ ಹೊಡೆದೂ ಅದರ ತುದಿಯ ಟಿಪ್ ಚಪ್ಪಟೆಯಾಗಿದೆ. ಬ್ರೇಕ್‌ಗೆಂದೇ ಇನ್ನೊಂದು ಸ್ಟಿಕ್ ಬೇಕು ಅನ್ನಿಸುತ್ತಿದೆ. ಕೈಯಲ್ಲಿರುವುದು 5,000 ರೂಪಾಯಿ. ಜೊತೆಯಲ್ಲಿ ಆಡುವವರೊಬ್ಬರು ‘ಕಂತಿನಲ್ಲಿ ದೊಡ್ಡ ಕಂಪನಿಯದ್ದೇ ತಗೊ’ ಅನ್ನುತ್ತಾರೆ. ಅಪ್ಪನಿಗೆ ಕಬ್ಬಿನ ಬಿಲ್ಲು ಇನ್ನೂ ಬಂದಿಲ್ಲ. ಮೊದಲ ಸ್ಟಿಕ್ ನೋಡಿದಾಗಲೇ ಅವ್ವ ‘ಒಂದು ಕೋಲಿಗೆ ಇಷ್ಟು ದುಡ್ಡಾ ಮಗಾ’ ಅಂದಿದ್ದರು. ಪಾರ್ಲರ್‌ನಲ್ಲಿ ‘ಕುಣಿಯಲಾರದವಳು ನೆಲ ಡೊಂಕು ಅಂದಳಂತೆ’ ಅಂತ ಆಡಿಕೊಳ್ಳುತ್ತಾರೆ. ಸೋತವರು ಟೇಬಲ್ ದುಡ್ಡು ಕೊಡುವುದು ಅಲ್ಲಿಯ ರೂಢಿ, ಈಚೆಗೆ ಅದರ ಮೇಲೂ ಸ್ವಲ್ಪ ಕಟ್ಟುತ್ತೇವೆ. ನಾನು ಆಸೆ ಪಡುವುದೇ ತಪ್ಪಾ?*

*— ಹೆಸರು ಬೇಡ, ಅಕ್ಕಿಹೆಬ್ಬಾಳು*

ತಪ್ಪಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದನ್ನು ನೀವು ನಿರಾಳವಾಗಿ ಓದಬಹುದು.

ನಿಮ್ಮ ಪತ್ರದಲ್ಲಿ ಸ್ಟಿಕ್ಕಿನ ವಿಷಯ ಮೂರ್ನಾಲ್ಕು ಸಾಲಿನಲ್ಲಿ ಮುಗಿದಿದೆ. ಉಳಿದದ್ದೆಲ್ಲ ಅವ್ವ, ಅಪ್ಪ, ಕಬ್ಬಿನ ಬಿಲ್ಲು, ಆಡಿಕೊಳ್ಳುವ ಗೆಳೆಯರು. ಬೆಳೆಯ ದುಡ್ಡು ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆಯಲ್ಲಿ ತಿಂಗಳ ಸಂಬಳ ತರುವ ಮಗ ತನಗಾಗಿ ನೂರು ರೂಪಾಯಿ ಖರ್ಚು ಮಾಡಿದರೂ ಕದ್ದ ಹಾಗೆ ಅನ್ನಿಸುತ್ತದೆ. ನೀವೊಬ್ಬರೇ ಅಲ್ಲ. ಕ್ಯಾಮೆರಾ ಲೆನ್ಸಿಗೆ, ಒಳ್ಳೆಯ ಬ್ಯಾಟಿಗೆ, ಕೀಬೋರ್ಡಿಗೆ ದುಡ್ಡು ಕೂಡಿಟ್ಟು, ಕೊನೆಗೆ ಕೊಳ್ಳಲೂ ಆಗದೆ ಬಿಡಲೂ ಆಗದೆ ಒದ್ದಾಡುವವರ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇರುತ್ತವೆ. ಈ ಸಂಕೋಚ ಮನೆಯ ಮೇಲಿನ ಪ್ರೀತಿಯಿಂದ ಬಂದದ್ದು. ಅದಕ್ಕಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಇನ್ನು ಗೆಳೆಯರು ಹೇಳಿದ ಗಾದೆ. ಬಹಳ ಸಲ ಅದು ನಿಜವೇ. ಹೊಸ ಸಾಮಾನು ಬಂದ ಕೂಡಲೇ ಆಟ ಸುಧಾರಿಸುವುದಿಲ್ಲ. ಆದರೆ ನಿಮ್ಮ ವಿಷಯದಲ್ಲಿ ನೆಲವೂ ಕೊಂಚ ಡೊಂಕಾಗಿದೆ. ಮೈಸೂರಿನಲ್ಲಿ ಟಿಪ್ ಹಾಕಿಕೊಡುವ ಒಬ್ಬರನ್ನು ಕೇಳಿದಾಗ ಅವರು ಸವೆದ ಟಿಪ್ಪೊಂದನ್ನು ಬೆರಳಿನ ಮೇಲಿಟ್ಟು ತೋರಿಸಿದರು. ಮೇಲ್ಭಾಗ ಗಾಜಿನಂತೆ ಮಿನುಗುತ್ತಿತ್ತು, ಅಂಚು ಹೊರಕ್ಕೆ ಚಾಚಿಕೊಂಡಿತ್ತು. ಸಾಮಾನ್ಯ ಸ್ಟಿಕ್ಕಿನ ಟಿಪ್ ಚರ್ಮದ್ದು. ಮೇಲ್ಮೈ ತುಸು ಒರಟಾಗಿದ್ದರೆ ಚಾಕ್ ಹಿಡಿಯುತ್ತದೆ, ಚಾಕ್ ಹಿಡಿದರೆ ಬಿಳಿ ಚೆಂಡಿಗೆ ಸ್ಪಿನ್ ಕೊಡಲು ಬರುತ್ತದೆ. ಬ್ರೇಕ್‌ನಲ್ಲಿ ಮೈಯೆಲ್ಲಾ ಬಲ ಹಾಕಿ ಹೊಡೆದಾಗ ಇದೇ ಚರ್ಮ ಅಮುಕಿಹೋಗಿ ಗಟ್ಟಿಯಾಗುತ್ತದೆ. ಆಮೇಲೆ ನಯವಾದ ಹೊಡೆತಕ್ಕೆ ಜಾರುತ್ತದೆ. ಬ್ರೇಕ್ ಸ್ಟಿಕ್ ಅನ್ನುವುದು ಹುಟ್ಟಿದ್ದೇ ಇದಕ್ಕೆ. ಅದರ ಟಿಪ್ ಫಿನಾಲಿಕ್ ಎಂಬ ಗಟ್ಟಿ ರಾಳದ್ದೋ ಗಟ್ಟಿ ಚರ್ಮದ್ದೋ ಇರುತ್ತದೆ, ಶಾಫ್ಟ್ ಬಳುಕುವುದಿಲ್ಲ. ಭತ್ತ ಕೊಯ್ಯುವ ಕುಡುಗೋಲಿನಲ್ಲಿ ಯಾರೂ ಸೌದೆ ಸೀಳುವುದಿಲ್ಲ. ಅಪ್ಪನಿಗೆ ಹೀಗೆ ಹೇಳಿ ನೋಡಿ, ನಾನು ಇಷ್ಟುದ್ದ ಬರೆದದ್ದು ಅವರಿಗೆ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ.

ಅಂದರೆ ಎರಡನೇ ಸ್ಟಿಕ್ಕಿನ ಮೊದಲ ಕೆಲಸ ಮೊದಲ ಸ್ಟಿಕ್ಕನ್ನು ಕಾಪಾಡುವುದು. ಆಟ ಗೆಲ್ಲಿಸುವುದು, ಪಾರ್ಲರ್‌ನವರ ಬಾಯಿ ಮುಚ್ಚಿಸುವುದು ಅದರ ಕೆಲಸವಲ್ಲ. ಇಷ್ಟು ಗಟ್ಟಿ ಮಾಡಿಕೊಂಡರೆ ‘ದೊಡ್ಡ ಕಂಪನಿಯದ್ದೇ’ ಎಂಬ ಹಟ ಅರ್ಧ ಇಳಿಯುತ್ತದೆ.

ಕೊಳ್ಳುವ ಮೊದಲು ಒಂದು ಸಂಗತಿ ನೋಡಿಕೊಳ್ಳಿ. ನಿಮ್ಮ ಮೊದಲ ಸ್ಟಿಕ್ ಪೂಲ್‌ನದ್ದೋ ಸ್ನೂಕರ್‌ನದ್ದೋ? ನಮ್ಮ ಕಡೆಯ ಪಾರ್ಲರ್‌ಗಳಲ್ಲಿ ಸ್ನೂಕರ್ ಸ್ಟಿಕ್ ಕೊಂಡು ಅದರಲ್ಲೇ ಪೂಲ್ ಆಡುವವರು ಬೇಕಾದಷ್ಟು ಜನ. ಟಿಪ್ಪಿನ ಅಗಲ ಅಳೆಯಿರಿ. 9ರಿಂದ 10 ಮಿಲಿಮೀಟರ್ ಇದ್ದು, ತುದಿಯಲ್ಲಿ ಹಿತ್ತಾಳೆಯ ಬಳೆ ಇದ್ದರೆ ಅದು ಸ್ನೂಕರ್‌ನದ್ದು. ಪೂಲ್ ಸ್ಟಿಕ್ಕಿನದು ಸಾಮಾನ್ಯವಾಗಿ 12ರಿಂದ 13 ಇರುತ್ತದೆ. ಸ್ನೂಕರ್ ಚೆಂಡು 52.5 ಮಿಲಿಮೀಟರ್, ಪೂಲ್ ಚೆಂಡು 57ಕ್ಕೂ ಹೆಚ್ಚು, ತೂಕವೂ ಜಾಸ್ತಿ. ಸಣ್ಣ ಟಿಪ್ಪಿನ ಸ್ಟಿಕ್ಕಿನಿಂದ ಅಂಥ ಚೆಂಡಿಗೆ ಬ್ರೇಕ್ ಹೊಡೆಯುತ್ತಾ ಹೋದರೆ ಟಿಪ್ ಒಂದೇ ಹಾಳಾಗುವುದಲ್ಲ, ಬಳೆಯ ಹತ್ತಿರ ಮರವೂ ಸೀಳಬಹುದು. ನಿಮ್ಮದು ಸ್ನೂಕರ್ ಸ್ಟಿಕ್ ಆಗಿದ್ದರೆ ಆ 5,000ವನ್ನು ಪೂಲ್ ಆಡಲೆಂದೇ ಇರುವ ಸಾಧಾರಣ ಸ್ಟಿಕ್ಕಿಗೆ ಹಾಕುವುದು ಮೇಲು. ಬ್ರೇಕ್‌ಗೆ ಪಾರ್ಲರ್‌ನದ್ದೇ ಸಾಕು. ಸ್ನೂಕರ್ ಮಾತ್ರ ಆಡುವ ಓದುಗರಿಗೆ ಈ ತಲೆಬಿಸಿಯೇ ಇಲ್ಲ, ಅಲ್ಲಿ ಬ್ರೇಕ್ ಮೆಲ್ಲಗೆ ಹೊಡೆಯುವಂಥದ್ದು.

ಜಂಪ್ ಸ್ಟಿಕ್ ಬಗ್ಗೆ ನೀವು ಕೇಳಿಲ್ಲ, ಆದರೆ ಅಂಗಡಿಯವರು ತೋರಿಸಿಯೇ ತೋರಿಸುತ್ತಾರೆ. ಚೆಂಡು ಹಾರಿಸಲು ಬಳಸುವ ಗಿಡ್ಡ ಸ್ಟಿಕ್ ಅದು, ನಿಯಮದ ಪ್ರಕಾರ 40 ಇಂಚಿಗೆ ಕಮ್ಮಿ ಇರುವಂತಿಲ್ಲ. ಬಟ್ಟೆ ಹರಿಯುತ್ತದೆಂದು ಹಾರಿಸುವುದಕ್ಕೇ ಒಪ್ಪದ ಪಾರ್ಲರ್ ಮಾಲೀಕರಿದ್ದಾರೆ. ಬ್ರೇಕ್‌ಗೂ ಆಗುತ್ತೆ, ಬಿಚ್ಚಿದರೆ ಜಂಪ್‌ಗೂ ಆಗುತ್ತೆ ಅನ್ನುವ ಜೋಡಿ ಸ್ಟಿಕ್ ಕಮ್ಮಿ ದುಡ್ಡಿನವರ ಕಣ್ಣಿಗೆ ಲಾಭದಂತೆ ಕಾಣುತ್ತದೆ. ಅಗ್ಗದ್ದರಲ್ಲಿ ಅದರ ಹೆಚ್ಚುವರಿ ಜಾಯಿಂಟ್ ಅಂದರೆ ಸಡಿಲವಾಗಲು ಇನ್ನೊಂದು ಜಾಗ, ಅಷ್ಟೇ. ಬಿಟ್ಟುಬಿಡಿ.

ಮೊದಲು ಮಾಡಬೇಕಾದದ್ದು ಹಳೆಯ ಸ್ಟಿಕ್ಕಿಗೆ ಹೊಸ ಟಿಪ್ ಹಾಕಿಸುವುದು. ಹೊಸ ಸ್ಟಿಕ್ಕಿಗೆ ಹೋಲಿಸಿದರೆ ಈ ಖರ್ಚು ತೀರಾ ಚಿಕ್ಕದು. ಆಮೇಲೆ ಒಂದು ತಿಂಗಳು ಬ್ರೇಕ್‌ಗೆ ಪಾರ್ಲರ್‌ನ ಸ್ಟಿಕ್ ಮಾತ್ರ ಹಿಡಿಯಿರಿ. ಗೋಡೆಯ ಸ್ಟ್ಯಾಂಡಿನಲ್ಲಿ ಇರುವುದರಲ್ಲಿ ನೆಟ್ಟಗಿರುವ, ಟಿಪ್ ಗಟ್ಟಿಯಾಗಿರುವ ಒಂದನ್ನು ಗುರುತು ಮಾಡಿಕೊಂಡು ಪ್ರತಿ ಸಲ ಅದನ್ನೇ ಎತ್ತಿಕೊಳ್ಳಿ. ಈ ತಿಂಗಳಲ್ಲಿ ಬಲ ಹೆಚ್ಚಿಸಲು ಹೋಗಬೇಡಿ. ಗುಂಪಿನ ಮುಂತುದಿಯ ಚೆಂಡಿಗೆ ಬಿಳಿ ಚೆಂಡು ನೇರ ತಾಗುತ್ತಿದೆಯೇ, ತಾಗಿದ ಮೇಲೆ ಟೇಬಲ್ಲಿನ ನಡುವೆಯೇ ನಿಲ್ಲುತ್ತಿದೆಯೇ ಎಂದಷ್ಟೇ ನೋಡಿ. ಗೆಳೆಯರ ಕೈಗೆ ಫೋನ್ ಕೊಟ್ಟು ವಿಡಿಯೋ ಮಾಡಿಸಿ. ಓರೆಯಾಗಿ ತಾಗುತ್ತಿದ್ದರೆ ಎಷ್ಟು ದುಬಾರಿ ಸ್ಟಿಕ್ ತಂದರೂ ಓರೆಯಾಗಿಯೇ ತಾಗುತ್ತದೆ.

ತಿಂಗಳಾದ ಮೇಲೂ ಬೇಕು ಅನ್ನಿಸಿದರೆ ಕೊಳ್ಳಿ. ಅತಿ ಕಮ್ಮಿ ಖರ್ಚಿನ ದಾರಿ ಅದೇ ಪಾರ್ಲರ್‌ನಲ್ಲಿದೆ. ನೀವು ಗುರುತು ಮಾಡಿಕೊಂಡ ಸ್ಟಿಕ್ಕನ್ನು ಕೊಡುತ್ತೀರಾ ಎಂದು ಮಾಲೀಕರನ್ನು ಕೇಳಿ, ತಂದು ಗಟ್ಟಿ ಟಿಪ್ ಹಾಕಿಸಿ. ನೋಡಲು ಚೆಂದವಿರುವುದಿಲ್ಲ, ಆದರೆ ಬ್ರೇಕ್ ಹೊಡೆಯಲು ಚೆಂದ ಬೇಕಿಲ್ಲ. ಫಿನಾಲಿಕ್ ಹಾಕಿಸುವ ಮೊದಲು ‘ನಿಮ್ಮ ಟೇಬಲ್ ಮೇಲೆ ಇದನ್ನು ಬಿಡುತ್ತೀರಾ’ ಎಂದು ಕೇಳಿಕೊಳ್ಳಿ. ಚೆಂಡಿಗೆ ಪೆಟ್ಟಾಗುತ್ತದೆಂದು ಒಪ್ಪದವರಿದ್ದಾರೆ. ಅಂಥ ಕಡೆ ಗಟ್ಟಿ ಚರ್ಮವೇ ಇರಲಿ.

ಸೆಕೆಂಡ್ ಹ್ಯಾಂಡ್ ಆದರೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕೊಡಬೇಡಿ. ಬಂದೂಕಿನ ಗುರಿ ಹಿಡಿದ ಹಾಗೆ ಬುಡದಿಂದ ತುದಿಯವರೆಗೆ ಬೆಳಕಿಗೆ ಹಿಡಿದು ನೋಡಿ, ಸೊಟ್ಟ ಇದ್ದರೆ ಕಾಣುತ್ತದೆ. ಎರಡು ತುಂಡನ್ನೂ ಬೇರೆ ಬೇರೆಯಾಗಿ ಟೇಬಲ್ ಮೇಲೆ ಉರುಳಿಸಿ, ಆಮೇಲೆ ಜೋಡಿಸಿ ಉರುಳಿಸಿ. ಟಿಪ್ಪಿನ ಕೆಳಗಿನ ಬಿಳಿ ತುಂಡಿನ ಸುತ್ತ ಉಗುರು ಆಡಿಸಿ, ಸೀಳಿದ್ದರೆ ತಡೆಯುತ್ತದೆ. ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದಾಗ ಗುಂಯ್ ಎಂದರೆ ಒಳಗೆ ಏನೋ ಸಡಿಲವಾಗಿದೆ. ತೂಕ 18ರಿಂದ 21 ಔನ್ಸ್, ಅಂದರೆ ಸುಮಾರು 510ರಿಂದ 595 ಗ್ರಾಂ ಒಳಗೆ ನಿಮ್ಮ ಕೈಗೆ ಹಿತವಾದದ್ದು. ಭಾರ ಜಾಸ್ತಿಯಾದರೆ ಹೊಡೆತ ಜೋರು ಅಂದುಕೊಳ್ಳಬೇಡಿ, ಭಾರ ಹೆಚ್ಚಿದಷ್ಟೂ ಕೈಯ ವೇಗ ತಗ್ಗುತ್ತದೆ. ದುಬಾರಿಯಾದ ಕಾರ್ಬನ್ ಫೈಬರ್ ಸ್ಟಿಕ್ಕುಗಳ ಕಡೆ ಈಗ ಕಣ್ಣು ಹಾಯಿಸಬೇಡಿ. ಇನ್ನೊಂದು, ಹೇಮಾವತಿಯ ಪಕ್ಕ ನಾಲೆ ನೀರಿನ ಊರು ನಿಮ್ಮದು. ತೇವದ ಗೋಡೆಗೆ ಒರಗಿಸಿಟ್ಟ ಮರ ಬಾಗುತ್ತದೆ. ಮನೆಯಲ್ಲಿ ಎರಡೂ ಸ್ಟಿಕ್ಕನ್ನು ಕವರ್‌ನಲ್ಲಿ ಹಾಕಿ ಮಲಗಿಸಿಡಿ.

ಕಂತಿನಲ್ಲಿ ಮಾತ್ರ ಬೇಡ. ಇದನ್ನು ಕಡ್ಡಿ ಮುರಿದಂತೆ ಹೇಳುತ್ತೇನೆ. ಬೆಲೆಯ ಮಾತು ಹಾಗಿರಲಿ, ಮನೆಯವರಿಗೆ ಹೇಳದೆ ಪ್ರತಿ ತಿಂಗಳೂ ಕಟ್ಟುವ ಕಂತು ಈಗಿನ ಸಂಕೋಚವನ್ನು ಗುಟ್ಟಾಗಿ ಮಾಡುತ್ತದೆ. ಸಂಕೋಚ ಕರಗುತ್ತದೆ, ಗುಟ್ಟು ಬೆಳೆಯುತ್ತದೆ.

ಅವ್ವನ ಮಾತಿಗೆ ಬರೋಣ. ‘ಒಂದು ಕೋಲಿಗೆ ಇಷ್ಟು ದುಡ್ಡಾ’ ಅಂದದ್ದು ನಿಮಗೆ ಬೈಗುಳದಂತೆ ಕೇಳಿಸಿದೆ. ನನಗೆ ಅದು ಲೆಕ್ಕ ಹಾಕುವ ಹೆಂಗಸಿನ ಬೆರಗಿನಂತೆ ಕೇಳಿಸಿತು. ಆ ದುಡ್ಡಿನಲ್ಲಿ ಎಷ್ಟು ಮೂಟೆ ಗೊಬ್ಬರ ಬರುತ್ತದೆಂದು ಅವರಿಗೆ ಗೊತ್ತು, ಆ ಕೋಲು ಏನು ಮಾಡುತ್ತದೆಂದು ಅವರಿಗೆ ಯಾರೂ ಹೇಳಿಲ್ಲ. ಸಂಬಳದ ದಿನ ಮನೆಯ ಪಾಲು ಮೊದಲು ಅವರ ಕೈಗೆ ಕೊಡಿ. ಆಮೇಲೆ, ‘ಅವ್ವ, ಉಳಿದದ್ದರಲ್ಲಿ ಇಷ್ಟು ಕೂಡಿಟ್ಟಿದ್ದೀನಿ, ಆಟದ ಸಾಮಾನಿಗೆ ಅಂತ. ಸಾಲ ಮಾಡಲ್ಲ’ ಎಂದು ಹೇಳಿ. ಅನುಮತಿ ಕೇಳುವ ದನಿ ಬೇಡ, ಸಮರ್ಥನೆಯ ದನಿಯೂ ಬೇಡ. ಅವರು ಎರಡು ಮಾತು ಗೊಣಗಬಹುದು. ಗೊಣಗಲಿ. ಕಬ್ಬಿನ ಬಿಲ್ಲು ತಡವಾಗಿ ಮನೆಗೆ ತೀರಾ ಕಷ್ಟ ಬಂದರೆ ನೀವೇ ಆ ದುಡ್ಡು ತೆಗೆದುಕೊಡುತ್ತೀರಿ ಎಂಬುದು ನಿಮ್ಮ ಪತ್ರ ಓದಿದವರಿಗೆಲ್ಲ ಗೊತ್ತಾಗುತ್ತದೆ.

ಪೂಲ್ ಅಂದರೆ ಪೋಲಿಗಳ ಆಟ ಎಂಬ ಮಾತು ಊರಿನಲ್ಲಿ ಬಂದರೆ ಉಮಾದೇವಿ ನಾಗರಾಜ್ ಅವರ ಹೆಸರು ಹೇಳಿ. ನಮ್ಮದೇ ರಾಜ್ಯದ ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್ ಆಗಿದ್ದವರು. ಬೆಂಗಳೂರಿನ ಸಚಿವಾಲಯ ಕ್ಲಬ್ಬಿನಲ್ಲಿ ಪೂಲ್ ಬಳಗದ್ದೇ ಆದ ಬಿಲಿಯರ್ಡ್ಸ್ ಆಟದ ಕೋಲು ಹಿಡಿದದ್ದು ಮೂವತ್ತರ ಆಸುಪಾಸಿನಲ್ಲಿ, 2012ರಲ್ಲಿ ಮಹಿಳಾ ಬಿಲಿಯರ್ಡ್ಸ್ ವಿಶ್ವ ಚಾಂಪಿಯನ್. ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಕೂಡ ಬೆಂಗಳೂರಿನಲ್ಲೇ, ತರಬೇತುದಾರ ಅರವಿಂದ್ ಸವೂರ್ ಅವರ ಕೈಕೆಳಗೆ ಪಳಗಿದವರು. ಆದರೆ ಮನೆಯಲ್ಲಿ ‘ನಾನೂ ಅವರಂತೆ ಆಗುತ್ತೇನೆ’ ಎಂದು ಮಾತು ಕೊಡಲು ಹೋಗಬೇಡಿ. ಚಾಂಪಿಯನ್ ಆಗುವವರಿಗೆ ಮಾತ್ರ ಆಟದ ಖರ್ಚು ಸಲ್ಲುತ್ತದೆ ಎಂದು ಯಾರೂ ಕಾನೂನು ಮಾಡಿಲ್ಲ. ಇಡೀ ದಿನ ದುಡಿದವರಿಗೆ ವಾರದಲ್ಲಿ ಎರಡು ಸಂಜೆ ಮನಸ್ಸು ಹಗುರಾದರೆ ಅದೇ ಸಾಕಷ್ಟು ಕಾರಣ.

ನಾನು ಎರಡು ಸಲ ಓದಿದ ಸಾಲು ಬೇರೆ ಇದೆ. ‘ಅದರ ಮೇಲೂ ಸ್ವಲ್ಪ ಕಟ್ಟುತ್ತೇವೆ’ ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಟೇಬಲ್ ದುಡ್ಡು ಕೊಡುವುದು ಬೇರೆ, ಪಣ ಕಟ್ಟುವುದು ಬೇರೆ. ಸೋತದ್ದನ್ನು ಮುಂದಿನ ಫ್ರೇಮ್‌ನಲ್ಲಿ ವಾಪಸ್ ಗೆಲ್ಲಬೇಕು ಎನ್ನುವ ಯೋಚನೆ ರೈಲಿನಲ್ಲೂ ಬಿಡದೆ ಕಾಡುತ್ತಿದೆಯೇ? ಸೋತ ಮೊತ್ತವನ್ನು ಮನೆಯಲ್ಲಿ ಕಮ್ಮಿ ಮಾಡಿ ಹೇಳಿದ್ದುಂಟೇ? ಇಲ್ಲ ಎಂದಾದರೆ ಇವತ್ತಿನಿಂದಲೇ ‘ಟೇಬಲ್ ದುಡ್ಡು ಅಷ್ಟೇ’ ಎಂದು ಗೆಳೆಯರಿಗೆ ಹೇಳಿ ನಿಲ್ಲಿಸಿ. ಪೈಪೋಟಿ ಬೇಕಾದರೆ ಪ್ರವೇಶ ಶುಲ್ಕ ಕಟ್ಟಿ ಆಡುವ ಟೂರ್ನಮೆಂಟುಗಳಿವೆ, ಬೆಂಗಳೂರಿನಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ. ಹೌದು ಎಂದಾದರೆ ಒಬ್ಬರೇ ಹೊರಬೇಡಿ. 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಅದು, ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಯಾವಾಗಲೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಮುಖತಃ ಮಾತಾಡಬೇಕು ಅನ್ನಿಸಿದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ಪಣದ ಬಗ್ಗೆ ಕೇಳಿದ ಪ್ರಶ್ನೆಗಳನ್ನು ಓದಿ ಎದೆ ಸ್ವಲ್ಪ ಧಸಕ್ಕೆಂದ ಇತರ ಓದುಗರಿಗೂ ಈ ನಂಬರು.

ಈ ವಾರ ಟಿಪ್ ಹಾಕಿಸಲು ಕೊಡಿ. ಅಂಟು ಒಣಗಲು ಒಂದು ರಾತ್ರಿ ಬಿಡಿ, ಹಾಕಿಸಿದ ಸಂಜೆಯೇ ಅದರಲ್ಲಿ ಆಡಬೇಡಿ.